ಇವರ ಬಿ.ಪಿ. ನಾನೇ ನೋಡುತ್ತಿದ್ದೆ

ಕಳೆದ ವಾರ ಹಿಂದಿನ ಮನೆಯ ಸರೋಜಕ್ಕ ಬಾಗಿಲಲ್ಲಿ ನಿಂತು, ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳುವಷ್ಟೇ ಸಲೀಸಾಗಿ, "ನಿಮ್ಮನೆ ಬಿ.ಪಿ. ಪೆಟ್ಗೆ ಒಂಚೂರು ಕೊಡ್ತ್ಯನೆ?" ಎಂದಳು. ಅವಳ ಗಂಡನಿಗೆ ಎರಡು ದಿನದಿಂದ ತಲೆ ಭಾರವಂತೆ. ಅವಳ ತಂಗಿಯ ಮಗಳು ನರ್ಸ್, ಊರಿಂದ ಬಂದಿದ್ದಾಳೆ, ನೋಡಿ ಹೇಳುತ್ತಾಳಂತೆ. ನಾನು ಕಪಾಟಿನ ಮೇಲಿನ ಅರೆಯಿಂದ ಆ ಬೂದು ಬಣ್ಣದ ಪೆಟ್ಟಿಗೆ ತೆಗೆದು, ಧೂಳು ಒರೆಸಿ, ಅವಳ ಕೈಗಿಟ್ಟೆ. ಇಟ್ಟ ಮೇಲೂ ಪೆಟ್ಟಿಗೆಯ ಒಂದು ತುದಿ ನನ್ನ ಕೈಯಲ್ಲೇ ಉಳಿದಿತ್ತು.

"ಎಷ್ಟು ಬತ್ತೋ ಅಷ್ಟೇ ಓದಿ ಹೇಳಕ್ಕ," ಎಂದೆ.

ಸರೋಜಕ್ಕ ನಕ್ಕಳು. "ಮತ್ತೆಷ್ಟು ಹೇಳದು?"

ಅವಳು ಹೋದ ಮೇಲೆ ನಾನು ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಮತ್ತೆಷ್ಟು ಹೇಳುವುದು ಎಂಬುದನ್ನು ಪ್ರತಿದಿನ ಬೆಳಿಗ್ಗೆ ಯೋಚಿಸಿ, ಸಂಸಾರದ ಒಂದೂವರೆ ವರ್ಷ ಕಳೆದವಳು ನಾನು. ಅದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ. ಬರೆಯುವ ಧೈರ್ಯ ಇರಲಿಲ್ಲ ಎನ್ನುವುದೇ ಸರಿ.

ಈಗ ಅಂಗನವಾಡಿಗೆ ಹೋಗುವ ಮಕ್ಕಳಿಗೂ ಟೆನ್ಶನ್. ನಾನು ವಜ್ರಳ್ಳಿಯಲ್ಲಿ ಬೆಳೆಯುವಾಗ ಆ ಶಬ್ದ ಇನ್ನೂ ಘಟ್ಟ ಹತ್ತಿ ಬಂದಿರಲಿಲ್ಲ. ನಮ್ಮಲ್ಲಿದ್ದದ್ದು ಮಂಡೆಬಿಸಿ. ಮಂಡೆಬಿಸಿಗೆ ಮದ್ದೂ ಇತ್ತು, ನೆತ್ತಿಗೆ ಎಣ್ಣೆ. ಮಗಳ ಮದುವೆ ನಿಂತುಹೋದರೂ ಎಣ್ಣೆ, ಎಮ್ಮೆ ಕಾಡಿಗೆ ಹೋಗಿ ಮರಳದಿದ್ದರೂ ಎಣ್ಣೆ. ನಮ್ಮ ಆಯಿ ಮಾತ್ರ ಎಣ್ಣೆ ಹಚ್ಚಿಕೊಳ್ಳುತ್ತಿರಲಿಲ್ಲ. ಮನಸ್ಸಿಗೆ ಏನಾದರೂ ಹತ್ತಿಕೊಂಡರೆ ಅವಳು ಒಂದು ಮುಷ್ಟಿ ಹುಣಸೆಹಣ್ಣು ಹಿಡಿದು ಬಚ್ಚಲಿಗೆ ಹೋಗಿ ತಾಮ್ರದ ಹಂಡೆ ತಿಕ್ಕುತ್ತಿದ್ದಳು. ಶಾಲೆಯಿಂದ ಬಂದವರೇ ನಾವು ಮೊದಲು ಬಚ್ಚಲಿಗೆ ಇಣುಕುತ್ತಿದ್ದೆವು. ಹಂಡೆ ಕಪ್ಪಗಿದ್ದರೆ ಇವತ್ತು ಬೆಲ್ಲ ಕೇಳಬಹುದು. ಹೊಳೆಯುತ್ತಿದ್ದರೆ ಸುಮ್ಮನೆ ಪುಸ್ತಕ ಹಿಡಿಯಬೇಕು. ಅವಳಿಗೆ ಏನಾಗಿದೆ ಎಂದು ನಾವು ಯಾರೂ ಕೇಳಿದ್ದಿಲ್ಲ. ಅವಳೂ ಹೇಳಿದ್ದಿಲ್ಲ. ಐವತ್ತೆರಡಕ್ಕೆ ಎದೆ ಹಿಡಿದುಕೊಂಡು ಹೋದಾಗ, "ಎಂತಕ್ಕೂ ತಲೆಬಿಸಿ ಮಾಡ್ಕಂಡವಳಲ್ಲ, ಹಿಂಗೆಂತಕ್ಕೆ ಆತು?" ಎಂದು ಊರೆಲ್ಲ ಆಶ್ಚರ್ಯಪಟ್ಟಿತು. ಬಚ್ಚಲಲ್ಲಿ ಹಂಡೆ ಬಂಗಾರದಂತೆ ಹೊಳೆಯುತ್ತಿತ್ತು.

ನಮ್ಮ ಕಡೆಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹೇಳುವುದಿಲ್ಲ. ನಂದೊಳ್ಳಿಯ ಸೋದರಮಾವ ತೀರಿಕೊಂಡಾಗ ನಮಗೆ ಬಂದ ಸುದ್ದಿ, "ಆರಾಮಿಲ್ಲೆ, ಬಂದು ಹೋಗವಡ" ಎಂದು. ಆಯಿ ದಾರಿಯುದ್ದಕ್ಕೂ ಅವನಿಗೆ ಯಾವ ಕಷಾಯ ಮಾಡಿ ಕೊಡುವುದು ಎಂದು ಲೆಕ್ಕ ಹಾಕುತ್ತಿದ್ದಳು. ಜತೆಗಿದ್ದ ಅಪ್ಪಯ್ಯನಿಗೆ ನಿಜ ಗೊತ್ತಿತ್ತು. ಮೂರು ಮೈಲಿ ನಡೆಯುವಾಗ ಅವನು ಅವಳ ಕಷಾಯಕ್ಕೆ ಹೂಂಗುಟ್ಟುತ್ತಾ, ಶುಂಠಿ ಜಾಸ್ತಿ ಹಾಕು ಎನ್ನುತ್ತಾ ಬಂದ. ಇದನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ. ಮರ್ಯಾದೆ, ಪ್ರೀತಿ ಎನ್ನುತ್ತಾರೆ. ಬಿ.ಪಿ. ಬಂದವರ ಮನೆಯಲ್ಲಂತೂ ಇದು ಇಮ್ಮಡಿ. ಅವರಿಗೆ ಹೇಳಡ, ಅವರೆದುರು ತೆಗೆಯಡ, ಅವರು ಎದ್ದು ಹೋದ ಮೇಲೆ ಮಾತಾಡುವ. ಹೀಗೆ ಮನೆಯವರೆಲ್ಲ ಸೇರಿ ಒಬ್ಬನನ್ನು ಹತ್ತಿಯಲ್ಲಿ ಸುತ್ತಿಡುತ್ತಾರೆ. ಉಸಿರಾಡಲು ಎಡೆಯಿದೆಯೋ ಇಲ್ಲವೋ ಎಂದು ನೋಡುವವರಿಲ್ಲ.

ಇನ್ನು ಇವರ ವಿಷಯ. ಇವರು ಎಂದರೆ ನನ್ನ ಯಜಮಾನರು. ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಗಾಜಿನ ಕಿಟಕಿಯ ಸಣ್ಣ ಕೋಣೆ, ಒಂದು ಮೇಜು, ಒಂದು ಮೈಕು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಗೆ ಎಂದು ಕೂಗುವುದು, ಬಂದ ಬಸ್ಸಿನ ಹೊತ್ತು ಬರೆಯುವುದು, ಬಾರದ ಬಸ್ಸಿಗೆ ಬೈಸಿಕೊಳ್ಳುವುದು. ನಮ್ಮ ಊರುಗಳಿಗೆ ದಿನಕ್ಕೆ ಒಂದೋ ಎರಡೋ ಬಸ್ಸು. ಅದು ತಪ್ಪಿತೆಂದರೆ ಕೋರ್ಟಿನ ವಾಯಿದೆಯೂ ತಪ್ಪಿತು, ಮದುವೆಯ ಧಾರೆಯೂ ತಪ್ಪಿತು. ಘಟ್ಟದಲ್ಲಿ ಮರ ಬಿದ್ದದ್ದಕ್ಕೂ, ದಾಸನಕೊಪ್ಪದ ಹತ್ತಿರ ಟಯರು ಪಂಕ್ಚರಾದದ್ದಕ್ಕೂ ಆ ಕಿಟಕಿಯ ಹಿಂದೆ ಕೂತವರೇ ಹೊಣೆ. ಇವರು ಎದುರಾಡುತ್ತಿರಲಿಲ್ಲ. "ಬರ್ತದೆ, ಬರ್ತದೆ" ಎನ್ನುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ನಾನು, "ಹೆಂಗಿತ್ತು ಇವತ್ತು?" ಎಂದರೆ ಒಂದೇ ಉತ್ತರ. "ಅಡ್ಡಿಲ್ಲೆ."

ಸಿದ್ದಾಪುರದವರಿಗೆ ಈ 'ಅಡ್ಡಿಲ್ಲೆ'ಯ ಮಹಿಮೆ ಗೊತ್ತು. ಊಟ ಚೆನ್ನಾಗಿದ್ದರೂ ಅಡ್ಡಿಲ್ಲೆ, ಕಾಲು ಮುರಿದಿದ್ದರೂ ಅಡ್ಡಿಲ್ಲೆ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಇವರ ಮೂಗಿನಿಂದ ರಕ್ತ ಬಂತು. ಶಿರಸಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಕಿವಿಗೊಟ್ಟು ಕೇಳಿ, ಇನ್ನೊಮ್ಮೆ ಗಾಳಿ ಹಾಕಿದರು. ಮೇಲಿನದು ನೂರಾ ಎಂಬತ್ತು, ಕೆಳಗಿನದು ನೂರಾ ಹತ್ತು. ಆಗ ಇವರಿಗೆ ನಲವತ್ತಾರು. ಮಾತ್ರೆ ಕೊಟ್ಟರು. ಉಪ್ಪು ಬಿಡಿ, ಸಂಜೆ ನಡೆಯಿರಿ, ನಿದ್ದೆ ಕೆಡಬೇಡಿ ಎಂದರು. ಕೊನೆಗೆ "ಟೆನ್ಶನ್ ಮಾಡ್ಕೋಬೇಡಿ" ಎಂದರು. ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೆ ಈ ಮಾತು ಹೇಳುವುದೂ ಒಂದೇ, ಮೀನಿಗೆ ನೆನೆಯಬೇಡ ಎನ್ನುವುದೂ ಒಂದೇ. ಹೊರಡುವಾಗ ನನ್ನ ಕಡೆ ತಿರುಗಿ, "ಮೇಡಂ, ನೀವು ಫಿಸಿಕ್ಸ್ ಲೆಕ್ಚರರ್ ಅಲ್ವಾ, ಒಂದು ಉಪಕರಣ ತಗೊಳ್ಳಿ. ದಿನಾ ಬೆಳಿಗ್ಗೆ ನೋಡಿ ಬರೆದಿಡಿ. ನಿಮ್ಮ ರೀಡಿಂಗ್ ನಂಬಬಹುದು," ಎಂದರು. ನನಗೆ ಹೆಮ್ಮೆಯಾಯಿತು. ಹುಬ್ಬಳ್ಳಿಯಿಂದ ಪಾದರಸದ ಉಪಕರಣವನ್ನೇ ತರಿಸಿದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತು ವರ್ಷ ರೀಡಿಂಗ್ ತೆಗೆಸಿದವಳು ನಾನು. ಪಾದರಸದ ಮಟ್ಟಕ್ಕೆ ಕಣ್ಣು ನೇರ ಇಟ್ಟು ಓದುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತೊಂದರೆ ಶುರುವಾದದ್ದು ಆ ಸಂಖ್ಯೆಯಿಂದಲೇ. ಪಟ್ಟಿ ಸುತ್ತುವ ಮೊದಲೇ ಇವರ ಮುಖ ಬಿಳುಚಿಕೊಳ್ಳುತ್ತಿತ್ತು. "ಎಷ್ಟಿದ್ದು?" ಎಂದು ಗಾಳಿ ಇಳಿಯುವ ಮೊದಲೇ ಕೇಳುತ್ತಿದ್ದರು. ನೂರಾ ಅರವತ್ತು ಎಂದರೆ ಆ ದಿನವಿಡೀ ಅದೇ ಧ್ಯಾನ. ಕಿಟಕಿಯಲ್ಲಿ ಕೂತು ತಮ್ಮ ನಾಡಿ ಹಿಡಿದುಕೊಳ್ಳುತ್ತಿದ್ದರಂತೆ. ಮಧ್ಯಾಹ್ನ ಊಟಕ್ಕೆ ಬಂದವರು ತಟ್ಟೆಯ ಮುಂದೆ ಕೂರುವ ಮೊದಲು ತೋಳು ಚಾಚುತ್ತಿದ್ದರು. ಆಗ ಇನ್ನೂ ಏರಿರುತ್ತಿತ್ತು. ಏರಿದ್ದನ್ನು ಕೇಳಿ ಮತ್ತೂ ಏರುತ್ತಿತ್ತು.

ಒಂದು ಬೆಳಿಗ್ಗೆ ಪಾದರಸ ನೂರಾ ಎಪ್ಪತ್ತರ ಹತ್ತಿರ ಮಿಡಿಯಿತು. "ಎಷ್ಟಿದ್ದು?" ಎಂದರು. ನಾನು ಪೆಟ್ಟಿಗೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡು, "ನೂರಾ ನಲವತ್ತು," ಎಂದೆ. ಮೊದಲೇ ಯೋಚಿಸಿದ್ದಲ್ಲ, ಬಾಯಿಂದ ತಾನಾಗಿ ಬಂತು. ಇವರ ಭುಜ ಇಳಿಯಿತು. ಎಷ್ಟೋ ದಿನಗಳ ಮೇಲೆ ಇವರು ನಕ್ಕರು. ಹತ್ತು ನಿಮಿಷ ಬಿಟ್ಟು, ಸರಿ ಕೇಳಿಸಲಿಲ್ಲ ಎಂದು ನೆವ ಹೇಳಿ ಮತ್ತೆ ನೋಡಿದೆ. ನಿಜವಾಗಿಯೂ ಇಳಿದಿತ್ತು. ನೂರಾ ಐವತ್ತೆಂಟು.

ಇದನ್ನು ನೀವು ಗಮನಿಸಬೇಕು. ನಾನು ವಿಜ್ಞಾನ ಓದಿದವಳು. ಕಣ್ಣಾರೆ ಕಂಡದ್ದನ್ನು ನಂಬುವವಳು. ಸುಳ್ಳು ಹೇಳಿದೆ, ಒತ್ತಡ ಇಳಿಯಿತು. ಪ್ರಯೋಗ, ಫಲಿತಾಂಶ, ತೀರ್ಮಾನ. ಮರುದಿನವೂ ಅದನ್ನೇ ಮಾಡಿದೆ. ಪೆಟ್ಟಿಗೆಯ ಮುಚ್ಚಳ ಇವರಿಗೆ ಅಡ್ಡವಾಗುವಂತೆ ಇಡುವುದು, ನಿಜವಾದದ್ದನ್ನು ಮನಸ್ಸಿನಲ್ಲಿ ಓದಿಕೊಳ್ಳುವುದು, ಮೂವತ್ತೋ ನಲವತ್ತೋ ಕಳೆದು ಬಾಯಲ್ಲಿ ಹೇಳುವುದು, ಹೇಳಿದ್ದನ್ನೇ ಪುಸ್ತಕದಲ್ಲಿ ಬರೆಯುವುದು. ದಿನವೂ ಒಂದೇ ಸಂಖ್ಯೆ ಬರೆದರೆ ಅನುಮಾನ ಬರುತ್ತದೆಂದು ಒಮ್ಮೆ ನೂರಾ ಮೂವತ್ತೆರಡು, ಒಮ್ಮೆ ನೂರಾ ಮೂವತ್ತೆಂಟು ಎಂದು ಏರಿಳಿಸುತ್ತಿದ್ದೆ.

ಅದೇ ದಿನಗಳಲ್ಲಿ ಕಾಲೇಜಿನಲ್ಲಿ ಒಬ್ಬ ಹುಡುಗಿಯ ರೆಕಾರ್ಡ್ ಪುಸ್ತಕವನ್ನು ಎಲ್ಲರೆದುರು ಎತ್ತಿ ಹಿಡಿದು ಬೈದಿದ್ದೆ. ಲೋಲಕದ ಪ್ರಯೋಗ. ಉತ್ತರ ಎಷ್ಟು ಬರಬೇಕೆಂದು ಗೊತ್ತಿರುವುದರಿಂದ ಮಕ್ಕಳು ಹಿಂದಿನಿಂದ ಲೆಕ್ಕ ಮಾಡಿ ರೀಡಿಂಗ್ ತುಂಬುತ್ತಾರೆ. "ಉಪಕರಣ ಹೇಳಿದ್ದನ್ನು ಬರಿ. ನಿನಗೆ ಬೇಕಾದ್ದನ್ನಲ್ಲ," ಎಂದು ಕಾಲು ಗಂಟೆ ಭಾಷಣ ಮಾಡಿ ಸೊನ್ನೆ ಹಾಕಿದೆ. ಆ ಹುಡುಗಿ ತಲೆ ತಗ್ಗಿಸಿ, "ತಪ್ಪು ಬಂದ್ರೆ ನಿಮಗೆ ಬೇಜಾರಾಗ್ತದೆ ಅಂತ, ಮೇಡಂ," ಎಂದಳು. ಮರುದಿನ ಬೆಳಿಗ್ಗೆ ಮತ್ತೆ ನೂರಾ ಮೂವತ್ತಾರು ಬರೆದೆ.

ಡಾಕ್ಟರಿಗಾದರೂ ಹೇಳಬೇಕು ಎಂದು ನನಗೆ ಗೊತ್ತಿತ್ತು. ಎರಡು ತಿಂಗಳಿಗೊಮ್ಮೆ ಶಿರಸಿಗೆ ಹೋಗುತ್ತಿದ್ದೆವು. ಅಲ್ಲಿ ನೋಡಿದರೆ ನೂರಾ ಎಪ್ಪತ್ತು, ನನ್ನ ಪುಸ್ತಕದಲ್ಲಿ ನೂರಾ ಮೂವತ್ತು. ಡಾಕ್ಟರು ಪುಟ ತಿರುವಿ, "ನನ್ನ ಮುಂದೆ ಕೂತ್ರೆ ಎಷ್ಟೋ ಜನಕ್ಕೆ ಹೀಗೆ ಏರ್ತದೆ. ಮನೆಯದ್ದೇ ಗಟ್ಟಿ. ಮೇಡಂ ತೆಗೆದ ರೀಡಿಂಗ್ ಅಲ್ವಾ," ಎಂದು ಹಳೆಯ ಮಾತ್ರೆಯನ್ನೇ ಮುಂದುವರಿಸಿದರು. ಒಮ್ಮೆ ನಿಜವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು ಹೋದೆ. ಇವರು ಪಕ್ಕದಲ್ಲೇ ಇದ್ದರು. "ಏನಾದ್ರೂ ಕೇಳೋದಿದ್ಯಾ ಮೇಡಂ?" ಎಂದು ಡಾಕ್ಟರೇ ಕೇಳಿದರು. ಕೈ ಪರ್ಸಿನ ಜಿಪ್ಪಿನ ಮೇಲಿತ್ತು.

"ಅಪ್ಪೆಮಿಡಿ ಉಪ್ಪಿನಕಾಯಿ ಒಂಚೂರು ತಿನ್ನಬಹುದಾ?" ಎಂದೆ.

ಡಾಕ್ಟರು ನಕ್ಕರು, ಇವರೂ ನಕ್ಕರು. ಆ ಚೀಟಿಯನ್ನು ಬಸ್ಸಿನ ಕಿಟಕಿಯಿಂದ ಚೂರು ಚೂರು ಮಾಡಿ ಬಿಟ್ಟೆ.

ಬಚ್ಚಿಟ್ಟದ್ದು ಬಚ್ಚಿಟ್ಟವರನ್ನು ತಿನ್ನುತ್ತದೆ. ನನ್ನ ಅಂಗೈ ತುರಿಸಿ ಸಿಪ್ಪೆ ಏಳುತ್ತಿತ್ತು. ಚಾಕ್‌ಪೀಸಿನಿಂದ ಎಂದುಕೊಂಡೆ. ಹೊಟ್ಟೆ ಉರಿಯುತ್ತಿತ್ತು. ಖಾರದಿಂದ ಎಂದುಕೊಂಡೆ. ಬೆಳಗಾಗುವಾಗ ದವಡೆ ನೋಯುತ್ತಿತ್ತು. ನಿದ್ದೆಯಲ್ಲಿ ಹಲ್ಲು ಕಚ್ಚುತ್ತಿದ್ದೆನೆಂದು ಇವರೇ ಹೇಳಿದರು. "ಎಂತ ತಲೆಬಿಸಿ ನಿಂಗೆ?" ಎಂದು ಕೇಳಿದರು. ನಾನೂ ಹೇಳಿದೆ, "ಅಡ್ಡಿಲ್ಲೆ" ಎಂದು.

ಇವರು ಮಾತ್ರ ನನ್ನ ಸಂಖ್ಯೆಗಳನ್ನು ನಂಬಿ ಹಗುರಾಗಿದ್ದರು. ಎಲ್ಲ ಸರಿಯಿದೆಯಲ್ಲ ಎಂದು ಸಂಜೆಯ ನಡಿಗೆ ಬಿಟ್ಟರು. ರಜೆಯ ದಿನಗಳಲ್ಲಿ ಬೇರೆಯವರ ಪಾಳಿಯನ್ನೂ ತಾವೇ ಮಾಡಿದರು. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳತೊಡಗಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ನನಗೆ ಹೇಳಿದರೆ ಸುಮ್ಮನೆ ಮಂಡೆಬಿಸಿ ಮಾಡಿಕೊಳ್ಳುತ್ತೇನೆ ಎಂದು ಹೇಳಿರಲಿಲ್ಲವಂತೆ.

ಅಂದು ಬೆಳಿಗ್ಗೆ ನನ್ನ ಪುಸ್ತಕದಲ್ಲಿ ನೂರಾ ಮೂವತ್ತನಾಲ್ಕು ಇತ್ತು. ಪಾದರಸದಲ್ಲಿ ಇದ್ದದ್ದು ನೂರಾ ತೊಂಬತ್ತು. ಅಷ್ಟು ಹೆಚ್ಚು ಎಂದೂ ಬಂದಿರಲಿಲ್ಲ. ಸಂಜೆ ಇನ್ನೊಮ್ಮೆ ನೋಡುವ ಎಂದುಕೊಂಡು ಕಾಲೇಜಿಗೆ ಹೋದೆ.

ಹನ್ನೊಂದರ ಹೊತ್ತಿಗೆ ಇವರು ಮೈಕಿನಲ್ಲಿ ಶಿರಸಿ ಬಸ್ಸು ಕೂಗುತ್ತಿದ್ದರಂತೆ. ಮಾತು ತೊದಲಿತು. ಮೈಕು ಕೆಟ್ಟಿದೆ ಎಂದು ಜನ ನಕ್ಕರು. ಇನ್ನೊಮ್ಮೆ ಕೂಗಲು ಹೋದರು, ಬರೀ ಸದ್ದು ಬಂತು. ಆಗ ಹನುಮಂತಪ್ಪ ಎಂಬ ಡ್ರೈವರು ಬಸ್ಸಿನಲ್ಲಿ ಚಕ್ರ ಹಿಡಿದು ಕೂತಿದ್ದ. ಹಾನಗಲ್ಲಿನ ಕಡೆಯವನು, ಹನ್ನೆರಡು ವರ್ಷದಿಂದ ಇವರ ದನಿಗೆ ಬಸ್ಸು ಹೊರಡಿಸಿದವನು. ಆ ದನಿ ಹಾಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಇಳಿದು ಓಡಿಬಂದು ನೋಡಿದರೆ ಇವರ ಬಾಯಿ ಒಂದು ಬದಿಗೆ ಸರಿದಿತ್ತು. ಕಂಡಕ್ಟರನ ಜತೆ ಎತ್ತಿ ಬಸ್ಸಿನ ಮುಂದಿನ ಸೀಟಿನಲ್ಲಿ ಮಲಗಿಸಿ, ಅವನು ತುಂಬಿದ ಬಸ್ಸಿಗೆ ಹೇಳಿದ್ದು ಇಷ್ಟೇ: "ನಡುವ ಎಲ್ಲೂ ನಿಲ್ಲಂಗಿಲ್ರಿ. ಇಳಿಯೋರು ಈಗ ಇಳೀರಿ." ನಡುವಿನ ಊರಿನವರು ಅರ್ಧ ಬಸ್ಸು ಇದ್ದರಂತೆ. ದಿನಾ ಇವರಿಗೆ ಬೈಯುತ್ತಿದ್ದವರೂ ಅದರಲ್ಲಿದ್ದರು. ಇಳಿಯುತ್ತಾ ಕೂತರೆ ಹೊತ್ತಾಗುತ್ತದೆಂದು ಒಬ್ಬರೂ ಇಳಿಯಲಿಲ್ಲ, ಶಿರಸಿಗೇ ಹೋಗಿ ಇನ್ನೊಂದು ಬಸ್ಸು ಹಿಡಿದು ಹಿಂದೆ ಬಂದರು. ಬಸ್ಸು ಕಾಲೇಜಿನ ಮುಂದೆ ಒಂದು ಗಳಿಗೆ ನಿಂತಿತು, ನನ್ನನ್ನು ಹತ್ತಿಸಿಕೊಳ್ಳಲು. ಇವರ ತಲೆ ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ಇವರು ನನ್ನನ್ನೇ ನೋಡುತ್ತಿದ್ದರು. ಏನಾಗುತ್ತಿದೆ ಎಂದು ಕೇಳುವ ಕಣ್ಣು. ನನಗೆ ಉತ್ತರ ಗೊತ್ತಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ನಿಧಾನವಾಯಿತು. ನಾಲ್ಕನೆಯ ದಿನ ಡಾಕ್ಟರು ನನ್ನನ್ನು ಕೋಣೆಗೆ ಕರೆದು ಪುಸ್ತಕ ಮುಂದಿಟ್ಟರು.

"ಮೇಡಂ, ಬೆಳಿಗ್ಗೆ ನೂರಾ ಮೂವತ್ತನಾಲ್ಕು. ಮಧ್ಯಾಹ್ನ ಇಲ್ಲಿಗೆ ಬಂದಾಗ ಇನ್ನೂರು ದಾಟಿತ್ತು. ನನಗೆ ಅರ್ಥ ಆಗ್ತಿಲ್ಲ. ನಿಮ್ಮ ಉಪಕರಣ ಕೆಟ್ಟಿರಬೇಕು. ಬೇರೆ ತಗೊಳ್ಳಿ."

ಎಷ್ಟು ಸುಲಭದ ದಾರಿ ನೋಡಿ. ಹೌದು ಎಂದಿದ್ದರೆ ಮುಗಿದಿತ್ತು. ಪಾದರಸಕ್ಕೆ ಬಾಯಿಲ್ಲ. ಆದರೆ ಇವರಿಗೆ ಮುಂದೆ ಕೊಡುವ ಮಾತ್ರೆಯೂ ಆ ಪುಸ್ತಕದ ಮೇಲೆಯೇ ನಿಂತಿತ್ತು.

"ಉಪಕರಣ ಸರಿಯಿದೆ," ಎಂದೆ. ಉಳಿದದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಡಾಕ್ಟರು ಬೈಯಲಿಲ್ಲ. ಪುಸ್ತಕ ಮುಚ್ಚಿ ಕನ್ನಡಕ ತೆಗೆದು ಒರೆಸಿದರು. "ಇನ್ನು ಮುಂದೆ ಇದ್ದದ್ದು ಬರೀರಿ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಇವರಿಗೆ ಹೇಳುವುದು. ನನ್ನ ಅತ್ತಿಗೆ ನಾದಿನಿಯರೆಲ್ಲ ಒಂದೇ ಮಾತು ಹೇಳಿದರು, "ಈಗ ಹೇಳಡ. ತಡಕತ್ವಿಲ್ಲೆ." ಇನ್ನೊಮ್ಮೆ ಲಕ್ವ ಹೊಡೆದರೆ ಏನು ಮಾಡುವುದು ಎಂಬ ಯೋಚನೆ ನನಗೂ ಇತ್ತು. ನಿಜ ಹೇಳಿ ಕೊಂದೇನೋ, ಹೇಳದೆ ಕೊಂದೇನೋ ತಿಳಿಯದೆ ಮೂರು ವಾರ ಕಳೆದೆ. ಪಟ್ಟಿ ಸುತ್ತುವಾಗ ಇವರು ಈಗ "ಎಷ್ಟಿದ್ದು?" ಎಂದು ಕೇಳುತ್ತಲೂ ಇರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಹನುಮಂತಪ್ಪ ನೋಡಲು ಬಂದ. ಬಾಳೆಹಣ್ಣು ತಂದಿದ್ದ. ಇವರ ಹತ್ತಿರ ಕೂತು, ಹೊಸ ಕಂಟ್ರೋಲರ್ ಯಾವ ಬಸ್ಸನ್ನು ಎಲ್ಲಿಗೆ ಕೂಗಿ ನಗೆಪಾಟಲಾದ ಎಂದೆಲ್ಲ ಹೇಳಿದ. ಹೊರಡುವಾಗ ಅಂಗಳದವರೆಗೆ ಹೋಗಿ, ಮನೆಯಾಚೆ ಡಾಕ್ಟರಿಗೆ ಮಾತ್ರ ಹೇಳಿದ್ದನ್ನು ಅವನಿಗೂ ಹೇಳಿದೆ. ಅವನು ಚಪ್ಪಲಿ ಮೆಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

"ಅಕ್ಕಾರ, ನಾ ಕಲ್ತವ ಅಲ್ರಿ," ಎಂದ. "ಘಟ್ಟ ಇಳಿಯೋ ಮುಂದ ಬ್ರೇಕ್ ಹಿಡೀವಲ್ದು ಅಂದ್ರ, ಹಿಂದ ಕುಂತ ಮಂದಿಗೆ ಹೇಳಬಾರದ್ರಿ. ಹೆದರ್ತಾರ. ಆದ್ರ ಚಕ್ರ ಹಿಡದವಗ ಹೇಳಬೇಕಲ್ರಿ. ಅವಗ ಹೇಳಲಿಲ್ಲಂದ್ರ ಹೆಂಗ ಅವ ಗಾಡಿ ಸಂಭಾಳಸ್ತಾನ?"

ಮರುದಿನ ಬೆಳಿಗ್ಗೆ ಜಗಲಿಯ ಬೆಂಚಿನ ಮೇಲೆ ಪಟ್ಟಿ ಸುತ್ತಿದ ಹಾಗೇ ಹೇಳಿದೆ. ಮೊದಲ ದಿನದ ನೂರಾ ನಲವತ್ತರಿಂದ ಕೊನೆಯ ದಿನದ ನೂರಾ ತೊಂಬತ್ತರವರೆಗೆ. ಅಪ್ಪೆಮಿಡಿಯನ್ನೂ ಬಿಡಲಿಲ್ಲ. ಇವರು ಗೋಡೆ ನೋಡುತ್ತಿದ್ದರು.

"ಎಷ್ಟು... ದಿನ?" ಎಂದರು.

"ಒಂದೂವರೆ ವರ್ಷ."

ಇವರು ಎಡಗೈಯಿಂದ ಪಟ್ಟಿಯನ್ನು ಬಿಚ್ಚಿದರು. ಅದನ್ನು ಪೆಟ್ಟಿಗೆಯೊಳಗೆ ತುರುಕಿ ಮುಚ್ಚಳ ಹಾಕಿದರು. ಒಂದು ಕೈಯಲ್ಲಿ ಕೊಂಡಿ ಸಿಕ್ಕಿಸಲು ಆಗಲಿಲ್ಲ. ನಾನು ಕೈ ಚಾಚಿದೆ. ಪೆಟ್ಟಿಗೆಯನ್ನು ಆಚೆ ಸರಿಸಿದರು. ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಕೊಂಡಿ ಸಿಕ್ಕಿಸಿಯೇ ಎದ್ದರು.

ಅಂದಿನಿಂದ ಇವರು ನನ್ನ ಕೈಗೆ ತೋಳು ಕೊಡಲಿಲ್ಲ. ಬೆಳಿಗ್ಗೆ ಕೋಲು ಹಿಡಿದು ಸರ್ಕಾರಿ ಆಸ್ಪತ್ರೆಗೆ ತಾವೇ ಹೋಗತೊಡಗಿದರು, ಅಲ್ಲಿಯ ನರ್ಸಮ್ಮನ ಹತ್ತಿರ ನೋಡಿಸಿಕೊಳ್ಳಲು. ನಮ್ಮ ಮನೆಯಿಂದ ಐದು ನಿಮಿಷದ ದಾರಿ, ಇವರಿಗೆ ಅರ್ಧ ಗಂಟೆ. ಬಲಗಾಲು ಎಳೆದುಕೊಂಡು, ಎರಡು ಕಡೆ ನಿಂತು ಸುಧಾರಿಸಿಕೊಂಡು ಹೋಗುತ್ತಿದ್ದರು. ಜತೆಗೆ ಬರುತ್ತೇನೆ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ತಿರುವು ದಾಟುವವರೆಗೆ. ಬಂದ ಮೇಲೆ ಎಷ್ಟಿತ್ತು ಎಂದು ಹೇಳುತ್ತಿರಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಮೊದಲ ದಿನದಿಂದ ಡಾಕ್ಟರು ನಡೆಯಿರಿ ನಡೆಯಿರಿ ಎಂದು ಹೇಳಿ ಸೋತಿದ್ದರು. ಈಗ ನನ್ನ ಮೇಲಿನ ಸಿಟ್ಟಿಗೆ ಇವರು ದಿನಾ ನಡೆದರು. ಆ ಸಿಟ್ಟು ಇವರಿಗೆ ಮಾತ್ರೆಗಿಂತ ಹೆಚ್ಚು ಒಳ್ಳೆಯದು ಮಾಡಿತೆಂದು ನಾನು ಈಗ ನಗುತ್ತಾ ಹೇಳಬಲ್ಲೆ. ಆಗ ನಗು ಬಂದಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ, ನಡುವೆ ಊಟಕ್ಕೆ ಬನ್ನಿ, ನೀರು ಕಾದಿದೆ ಎಂಬಷ್ಟೇ ಮಾತು. ನನ್ನನ್ನು ಬೈಯಲಿ ಎಂದು ಕಾದೆ. ಇವರು ಬೈಯುವ ಜಾತಿಯವರೇ ಅಲ್ಲ.

ಒಂದು ತಿಂಗಳು ದಾಟಿರಬೇಕು. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಬಂದವರು ಒಳಗೆ ಹೋಗದೆ ಜಗಲಿಯ ಬೆಂಚಿನ ಮೇಲೆ ಕೂತರು. ನಾನು ಕಾಲೇಜಿಗೆ ಹೊರಟು ನಿಂತಿದ್ದೆ.

"ನೂರಾ... ಎಪ್ಪತ್ತೆರಡು," ಎಂದರು.

ಮೊದಲು ನನಗೆ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ನಾಲಿಗೆಯ ತುದಿಗೆ ಹಳೆಯ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ನಡೆದು ಬಂದಿದ್ದಕ್ಕೆ ಏರಿದೆ, ಆ ನರ್ಸಮ್ಮನಿಗೆ ಸರಿಯಾಗಿ ನೋಡಲು ಬರುವುದಿಲ್ಲ, ಅಷ್ಟೆಲ್ಲ ಹೆಚ್ಚೇನಲ್ಲ. ಒಂದನ್ನೂ ಆಡದೆ ಬ್ಯಾಗು ಕೆಳಗಿಟ್ಟೆ.

"ಜಾಸ್ತಿ ಆತು," ಎಂದೆ.

"ಹೌದು." ಆಮೇಲೆ ಒಂದೊಂದೇ ಶಬ್ದ ಹುಡುಕಿ ಹೇಳಿದರು, "ಎಂಗೆ... ಹೆದ್ರಿಕೆ ಆಗ್ತು."

ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು. ನನಗೆ ಹೆದರಿಕೆಯಾಗುತ್ತದೆ ಎಂಬ ಮಾತನ್ನು ಇವರ ಬಾಯಿಂದ ನಾನು ಕೇಳಿರಲಿಲ್ಲ. ನಾನೂ ಇವರಿಗೆ ಹೇಳಿರಲಿಲ್ಲ.

"ಎಂಗೂ ಆಗ್ತು," ಎಂದೆ.

ಹೇಳಿದ ಮೇಲೆ ಅಳು ಬಂತು. ಹೆದರಿಕೆಯೇನೂ ಹೋಗಲಿಲ್ಲ, ಇಬ್ಬರಲ್ಲೂ ಇತ್ತು. ಆದರೆ ಅದನ್ನು ಬಚ್ಚಿಡುವ ಕೆಲಸ ಇರಲಿಲ್ಲ. ಅಷ್ಟು ದಿನ ನನ್ನನ್ನು ಸವೆಸಿದ್ದು ಆ ಕೆಲಸವೇ ಎಂದು ಅಂದು ತಿಳಿಯಿತು.

ಇವರು ಆಮೇಲೆ ಒಂಬತ್ತು ವರ್ಷ ಬದುಕಿದರು. ಬಿ.ಪಿ. ಏರಿತು, ಇಳಿಯಿತು, ಮಾತ್ರೆ ಬದಲಾಯಿತು. ಏರಿದ ದಿನ ಏರಿದೆ ಎಂದು ಹೇಳಿಕೊಂಡು ಇಬ್ಬರೂ ಉಪ್ಪಿಲ್ಲದ ಸಾರು ಉಂಡೆವು. ಆದರೆ ನನಗೆ ನೆನಪಾಗುವುದು ಆ ಬೆಳಿಗ್ಗೆಯೇ. ನಾನು ಬೆಂಚಿನ ಮೇಲೆ ಇವರ ಬಲಬದಿಗೆ ಕೂತೆ. ಡಾಕ್ಟರ ಹತ್ತಿರ ಹೋಪನ ಎಂದೆ. ಹೂಂ ಎಂದರು. ಶಿರಸಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಇವರು ತಮ್ಮ ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ನನ್ನ ಮಡಿಲಲ್ಲಿಟ್ಟರು. ಬಹಳ ಭಾರವಿತ್ತು. ಬಸ್ಸಿನ ಹೊತ್ತಾಗುವವರೆಗೆ ಅದನ್ನು ಹಿಡಿದುಕೊಂಡೇ ಕೂತಿದ್ದೆ.